ವಸಂತಿಯ ಇಲಿಗಳು

ನಿನ್ನೆ ಪರ್ಕಳದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಚುಚ್ಚುವ ಮೊದಲು ನರ್ಸಮ್ಮ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಬತ್ತರ ದಶಕದ ಮಣಿಪಾಲವೂ ಅಲ್ಲಿಯ ಇಲಿಗಳೂ ನೆನಪಾದವು. ನೋಡಿ, ಮನುಷ್ಯರ ಹೆಸರುಗಳು ಈಗ ಕೈಕೊಡುತ್ತವೆ. ಇಲಿಗಳು ಮಾತ್ರ ಹಾಗೇ ಉಳಿದಿವೆ.

ನಾನೂ ವಸಂತಿಯೂ ಒಂದೇ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆವು. ನನ್ನದು ಪುಣ್ಯಕ್ಕೆ ಗಾಜಿನ ನಳಿಕೆಗಳ ಕೆಲಸ. ಇಲಿಯ ಬಾಲ ಕಂಡರೆ ಸ್ಟೂಲ್ ಹತ್ತುವವನು ನಾನು. ಅವಳದು ನೆನಪಿನ ವಿಷಯ. ಪೆಟ್ಟಿಗೆಯೊಳಗಿನ ಸಣ್ಣ ಮಣೆಯ ಮೇಲೆ ಇಲಿಯನ್ನು ಬಿಡುವುದು; ಕೆಳಗಿಳಿದರೆ ಕಾಲಿಗೆ ಶಾಕ್. ಪಾಠ ಮುಗಿದ ಕೂಡಲೇ ಒಂದು ಮದ್ದಿನ ಇಂಜೆಕ್ಷನ್. ಮರುದಿನ ಇಲಿ ಮಣೆಯ ಮೇಲೇ ಕುಳಿತರೆ ಪಾಠ ನೆನಪಿದೆ, ಇಳಿದರೆ ಮದ್ದು ಅದನ್ನು ಅಳಿಸಿದೆ ಎಂದು ಲೆಕ್ಕ.

ವಸಂತಿ ಶಂಕರಪುರದವಳು. ಅವಳ ಅಮ್ಮ ಮಲ್ಲಿಗೆ ಕಟ್ಟಿ ಮಾರಾಟಕ್ಕೆ ಕೊಡುವ ಮೊದಲು ಮಗಳ ಜಡೆಗೆ ಒಂದು ತುಂಡು ಮುಡಿಸಿಯೇ ಬಸ್ಸಿಗೆ ಕಳಿಸುತ್ತಿದ್ದರು. ಹೋಲಿಕೆಗೆಂದು ಮದ್ದಿನ ಬದಲು ಬರೀ ಉಪ್ಪುನೀರು ಚುಚ್ಚಿಸಿಕೊಂಡ ಮೊದಲ ತಂಡದ ಇಲಿಗಳು ಮರುದಿನ ಮಣೆ ಬಿಟ್ಟು ಕದಲಲಿಲ್ಲ. ಮುಂದಿನ ವಾರ ಮದ್ದಿನ ತಂಡದ ಸರದಿ. ಅವಕ್ಕೆ ಪಾಠವಾದ ಮರುದಿನ ಬೆಳಿಗ್ಗೆಯೇ ವಸಂತಿಯ ದೊಡ್ಡಪ್ಪ ತೀರಿಕೊಂಡರು. ಇಲಿಗಳ ಪರೀಕ್ಷೆ ಮುಂದೆ ಹಾಕುವಂತಿರಲಿಲ್ಲವಾದ್ದರಿಂದ ಅವಳು ಓಡಿ ಬಂದಳು. ಇಲಿಗಳು ಏನೂ ಆಗಿಲ್ಲವೆಂಬಂತೆ ಟಪಟಪನೆ ಇಳಿದವು. ಪ್ರೊಫೆಸರಿಗೆ ಹಿಗ್ಗೋ ಹಿಗ್ಗು. "ಮದ್ದು ಕೆಲಸ ಮಾಡಿತು. ಇನ್ನು ಥೀಸಿಸ್ ಬರೆಯಮ್ಮ" ಎಂದರು.

ಸೂತಕ ಕಳೆದು ಹೂ ಮುಡಿದು ಬಂದ ದಿನ ವಸಂತಿ ಪಂಜರದ ಹತ್ತಿರ ಹೋದಳು. ಅವೇ ಇಲಿಗಳು ಮೂಲೆಗೆ ಸರಿದು ಮುದುಡಿ ಕುಳಿತವು.

"ಇವು ಪಾಠ ಮರೆತಿಲ್ಲ ಮಾರಾಯ. ಹೆದರಿದ್ದು ಶಾಕ್ ಹೊಡೆದಾಗ ಮೂಗಿಗೆ ಬಡಿದ ನನ್ನ ಮಲ್ಲಿಗೆ ವಾಸನೆಗೆ. ಸೂತಕ ಅಂತ ಆವತ್ತು ನಾನು ಹೂ ಮುಡಿದಿರಲಿಲ್ಲ ಅಲ್ವಾ?"

"ಸುಮ್ಮನಿದ್ದರೆ ಯಾರಿಗೆ ಗೊತ್ತಾಗ್ತದೆ?" ಎಂದೆ.

"ಎಂತ ಮಾತು ನಿನ್ನದು!" ಎಂದವಳೇ ಪ್ರೊಫೆಸರ ಕೋಣೆಗೆ ನಡೆದಳು.

ಎಲ್ಲವೂ ಮೊದಲಿನಿಂದ ಶುರುವಾಯಿತು, ಥೀಸಿಸ್ ವರ್ಷಗಟ್ಟಲೆ ಹಿಂದೆ ಬಿತ್ತು. ಅದು ಮುಗಿಯುವ ತನಕ ಅವಳು ಹೂ ಮುಡಿಯಲಿಲ್ಲ. ಮದುವೆಯಾಗದ ಮಗಳು ದಿನಾ ಬರೀ ಜಡೆಯಲ್ಲಿ ಬಸ್ ಹತ್ತುವುದನ್ನು ಅಮ್ಮನಿಗೆ ನೋಡಲಾಗುತ್ತಿರಲಿಲ್ಲ. "'ಈಗ ಮನೆಯಲ್ಲಿ ಯಾರೂ ಸತ್ತಿಲ್ಲ, ಹೂ ಯಾಕೆ ಬೇಡ?' ಅಂತ ದಿನಾ ಕೇಳ್ತಾರೆ" ಎಂದು ವಸಂತಿ ಕ್ಯಾಂಟೀನಿನಲ್ಲಿ ಹೇಳಿ ನಕ್ಕಳು. ನಾವೂ ನಕ್ಕೆವು. ಕೊನೆಗೆ ಆ ಮದ್ದಿನಿಂದ ಏನೂ ಆಗುವುದಿಲ್ಲ ಎಂದೇ ಸಾಬೀತಾಯಿತು.

ಇದನ್ನು ಇಲಿಗಳ ತಮಾಷೆಯೆಂದು ಎಷ್ಟು ಜನರಿಗೆ ಹೇಳಿದ್ದೇನೋ. ನಿನ್ನೆ ತೋಳಿಗೆ ಹತ್ತಿ ಒತ್ತಿಕೊಂಡು ಕುಳಿತಿದ್ದಾಗ ಮಾತ್ರ ನಗು ಬರಲಿಲ್ಲ. ರಾಶಿ ಹೂ ಕಟ್ಟುತ್ತಲೇ, ಅದರಲ್ಲಿ ಒಂದು ತುಂಡನ್ನೂ ಮಗಳಿಗೆ ಮುಡಿಸಲಾಗದೆ ಕುಳಿತ ಆ ತಾಯಿಯನ್ನು ನೆನೆದು ಸಂಕಟವಾಯಿತು. ಇಲಿಗಳ ವಿಷಯವನ್ನು ಅವರಿಗೆ ಯಾರಾದರೂ ಬಿಡಿಸಿ ಹೇಳಿದ್ದರೋ ಇಲ್ಲವೋ.