ನಡು ಬೇಸಿಗೆಯಲ್ಲಿ ಕಂಬಳಿ ಹೊದ್ದ ಕೊಟ್ರವ್ವ

ನಡು ಬೇಸಿಗೆ. ಮಟಮಟ ಮಧ್ಯಾಹ್ನ. ಊರು ಕೊಟ್ಟೂರು. ಇಂಥ ಹೊತ್ತಿನಲ್ಲಿ ಯಾರಾದರೂ ಮೈತುಂಬ ಕರಿ ಕಂಬಳಿ ಹೊದ್ದು, ತಲೆಗೆ ಕೆಂಪು ವಸ್ತ್ರ ಬಿಗಿದುಕೊಂಡು ಕೂತದ್ದನ್ನು ನೀವು ನೋಡಿದ್ದೀರಾ?

ನಾನು ನೋಡಿದೆ. ನನ್ನ ಮನೆಯ ಪಡಸಾಲೆಯಲ್ಲೇ.

ಕೂತಿದ್ದವಳು ಕೊಟ್ರವ್ವ. ನಮ್ಮ ಮೂರು ವರ್ಷದ ಮಗಳು ರೇಣುವನ್ನು ನೋಡಿಕೊಳ್ಳಲು ಹೊಸದಾಗಿ ಗೊತ್ತುಮಾಡಿದ ಹೆಂಗಸು. (ಹೆಸರಿನಲ್ಲಿ ವಿಶೇಷವೇನಿಲ್ಲ. ನಮ್ಮೂರಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಕೊಟ್ರೇಶನಿಗೋ ಕೊಟ್ರವ್ವನಿಗೋ ತಗಲುತ್ತದೆ.) ಹಣೆಯಿಂದ ಬೆವರು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಊಟದ ಬಿಡುವಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಓಡಿ ಬಂದಿದ್ದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇದು ಚಳಿಜ್ವರವೇ ಸೈ!

"ಯಾಕ ಕೊಟ್ರವ್ವಾ, ಜ್ವರ ಬಂದಾವೇನು?"

"ಜ್ವರ ಇಲ್ಲ ಏನಿಲ್ಲರಿ ಅಮ್ಮಾರ. ಸುಮ್ಕಿರ್ರಿ. ನಾ ಈಗ ಪುಸ್ತಕದಾಕಿ."

ಪುಸ್ತಕದಾಕಿ? ನನ್ನ ತಲೆ ಗಿರ್ರೆಂದಿತು. ನಿಮ್ಮ ತಲೆಯೂ ಗಿರ್ರೆನ್ನುವ ಮೊದಲು ಹಿಂದಿನದನ್ನು ಹೇಳಿಬಿಡುತ್ತೇನೆ.

ನಾನು ಟೆಲಿಫೋನ್ ಆಪರೇಟರ್ ಎಂಬುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಹಗರಿಬೊಮ್ಮನಹಳ್ಳಿಯ ಶೇಂಗಾ ವ್ಯಾಪಾರಿಗೆ ಹುಬ್ಬಳ್ಳಿಯ ದಲಾಲಿಯನ್ನು, ಕೂಡ್ಲಿಗಿಯ ಮಾವನಿಗೆ ಹಡಗಲಿಯ ಅಳಿಯನನ್ನು ದಿನವಿಡೀ ಜೋಡಿಸಿಕೊಡುವ ಕೆಲಸ. ಅಷ್ಟು ದಿನ ರೇಣುವನ್ನು ನೋಡಿಕೊಂಡವರು ನಮ್ಮ ಅತ್ತೆ. ನನ್ನ ನಾದಿನಿಗೆ ದಿನ ತುಂಬಿತು ನೋಡಿ, ಬಾಣಂತನಕ್ಕೆಂದು ಅತ್ತೆ ಹೊಳಲಿನ ಮನೆಗೆ ಹೊರಟರು. ಅವರ ಜಾಗಕ್ಕೆ ಕೊಟ್ರವ್ವನನ್ನು ಗೊತ್ತುಮಾಡಿದೆವು. ಹೊರಡುವಾಗ ಅತ್ತೆ ನನಗೊಂದು ಉಪಾಯ ಹೇಳಿಕೊಟ್ಟರು.

"ಕೂಸಿನ ಕಣ್ಣು ತಪ್ಪಿಸಿ ಹಿತ್ತಲ ಬಾಗಲಾಗ ಹೋಗಿಬಿಡು. ಅತ್ತು ಅತ್ತು ತಾನ ಸುಮ್ನಾಗ್ತಾಳ."

ಬಸ್ಸು ಹತ್ತುವಾಗ ಇನ್ನೊಂದು ಮಾತನ್ನೂ ಸೇರಿಸಿದರು. "ಆ ಮುದುಕಿಗೆ ಒಗ್ಗಲಿಲ್ಲಂದ್ರ ಹೊಳಲಿಗೆ ತಂದುಬಿಡ್ರಿ. ಅಲ್ಲೇ ಬೆಳೀಲಿ. ನೀವು ಐತವಾರ ಬಂದು ನೋಡಿಕೆಂಡು ಹೋಗುವಿರಂತ."

ಪ್ರೀತಿಯಿಂದಲೇ ಅಂದರು. ಆದರೆ ಭಾನುವಾರಕ್ಕೊಮ್ಮೆ ನೋಡಿ ಬರಲು ಮಗಳೇನು ಮ್ಯಾಟಿನಿ ಶೋ?

ಅತ್ತೆ ಹೇಳಿದ ಹಾಗೆ ಹಿತ್ತಲ ಬಾಗಿಲಿನಿಂದಲೇ ಕಳ್ಳಿಯ ಹಾಗೆ ಜಾರಿಕೊಂಡೆ. ಸಂಜೆ ಬಂದು ನೋಡುತ್ತೇನೆ, ರೇಣು ಹಿತ್ತಲ ಹೊಸ್ತಿಲ ಮೇಲೆ ಕೂತಿದ್ದಾಳೆ.

"ಮುಂಜಾನಿಂದ ಇಲ್ಲೇ ಕುಂತಾಳರಿ," ಅಂದಳು ಕೊಟ್ರವ್ವ. "ಉಣ್ಣಲಿಲ್ಲ, ನೀರು ಕುಡೀಲಿಲ್ಲ. ಬಾಗಲಾ ಮುಚ್ಚಾಕೂ ಬಿಡವಲ್ಲಳು. ನಮ್ಮಮ್ಮ ಹಿತ್ತಲಾಗ ಅದಾಳ, ಈಗ ಬರ್ತಾಳ ಅಂತಾಳ."

ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಮುಚ್ಚಿಡುವುದೇನಿದೆ, ಜೋರಾಗಿಯೇ ಅತ್ತೆ.

ಮರುದಿನದಿಂದ ಮುಂಬಾಗಿಲು, ಹಿತ್ತಲ ಬಾಗಿಲು ಎರಡೂ ಕಡೆ ರೇಣುವಿನ ಕಾವಲು. ಕೊಟ್ರವ್ವ ಮುಟ್ಟಿದರೆ ಚೀರಾಟ. ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು ಮೆಲ್ಲಗೆ ಕೇಳಿದರು, "ಹೊಳಲಿಗೆ ಬಿಟ್ಟು ಬರೋಣೇನು?" ಬಿಟ್ಟರೆ ಮಗಳಿಲ್ಲ, ಬಿಡದಿದ್ದರೆ ನೌಕರಿಯಿಲ್ಲ. ಅತ್ತ ದರಿ, ಇತ್ತ ಪುಲಿ. (ನೌಕರಿ ಬಿಡುವವಳು ನಾನೇ ಯಾಕೆ ಎಂದು ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ಅದು ಮೊದಲೇ ತೀರ್ಮಾನವಾಗಿತ್ತು.)

ಆಗ ಬಂತು ಪುಸ್ತಕ.

ಬಸ್‌ಸ್ಟ್ಯಾಂಡಿನ ಹತ್ತಿರ ಪುಸ್ತಕದ ವ್ಯಾನು ನಿಂತಿತ್ತಂತೆ. ನಮ್ಮ ಮನೆಯವರು ಒಂದು ಚಿತ್ರಪುಸ್ತಕ ತಂದರು. ಯಾವುದೋ ಚಳಿ ದೇಶದ್ದು, ಕನ್ನಡಕ್ಕೆ ತಂದದ್ದು. ನುಣುಪು ಕಾಗದ, ಪುಟದ ತುಂಬ ಬಣ್ಣ, ಕೆಳಗೆ ಒಂದೋ ಎರಡೋ ಸಾಲು. ಕಥೆ ಏನು ಗೊತ್ತೇ? ಅಮ್ಮ ಕೆಲಸಕ್ಕೆ ಹೋಗುತ್ತಾಳೆ. ಮನೆಗೆ ಹೊಸಬಳೊಬ್ಬಳು ಬರುತ್ತಾಳೆ. ಹುಡುಗಿ ಮೇಜಿನ ಕೆಳಗೆ ಬಚ್ಚಿಟ್ಟುಕೊಳ್ಳುತ್ತಾಳೆ. ಆಮೇಲೆ ಇಬ್ಬರೂ ಸೇರಿ ಹಿಮದ ಗೊಂಬೆ ಮಾಡುತ್ತಾರೆ, ಸೂಪು ಕುಡಿಯುತ್ತಾರೆ, ಮಲಗಿ ಏಳುತ್ತಾರೆ. ಕೊನೆಯ ಪುಟದಲ್ಲಿ ಅಮ್ಮ ಬರುತ್ತಾಳೆ, ಹುಡುಗಿ ಓಡಿ ಹೋಗಿ ತಬ್ಬಿಕೊಳ್ಳುತ್ತಾಳೆ.

ನಮ್ಮ ಮನೆಯ ಕಥೆ ಆ ದೇಶದವರಿಗೆ ಹೇಗೆ ಗೊತ್ತಾಯಿತು? ಹೊಸಬಳಿಗೆ ಹೊಂದಿಕೊಳ್ಳಲಿ ಎಂದೇ ಮಕ್ಕಳಿಗೆ ಇಂಥ ಪುಸ್ತಕ ಮಾಡುತ್ತಾರಂತೆ. ಎಷ್ಟು ಮುಂದುವರಿದವರಪ್ಪ! ಆ ಸಂಜೆ ಅದನ್ನೇ ಓದಿದೆ. ರೇಣು ಬಾಯಿ ಬಿಟ್ಟುಕೊಂಡು ಕೇಳಿದಳು. ಗೆದ್ದೆವು ಅಂದುಕೊಂಡೆ.

ಬೆಳಿಗ್ಗೆ ಪುಸ್ತಕದ ಅಮ್ಮನ ಹಾಗೆಯೇ ಮುಂಬಾಗಿಲಲ್ಲಿ ನಿಂತು ಹೋಗಿ ಬರುತ್ತೇನೆ ಅಂದೆ. ಕೊಟ್ರವ್ವ ಬಂದಳು. ರೇಣು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಇಕಿ ಬ್ಯಾಡ. ಪುಸ್ತಕದಾಕಿ ಬರ್ಲಿ."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಪುಸ್ತಕದವಳಿಗೆ ಪಾದದವರೆಗೆ ದಪ್ಪ ಕೋಟು, ತಲೆಗೆ ಕೆಂಪು ವಸ್ತ್ರ, ಟೊಮ್ಯಾಟೊದಂಥ ಕೆನ್ನೆ. ನಮ್ಮ ಕೊಟ್ರವ್ವನಿಗೆ ಮಾಸಿದ ಇಳಕಲ್ ಸೀರೆ, ಬಾಯಲ್ಲಿ ಎಲೆಯಡಿಕೆ. ಆ ಕೋಟಿನವಳನ್ನು ನಾನು ಎಲ್ಲಿಂದ ತರಲಿ? ರೇಣು ಮೊದಲು ಬರೀ ಅಳುತ್ತಿದ್ದಳು, ಈಗ ಕಾರಣ ಕೊಟ್ಟು ಅಳತೊಡಗಿದಳು. ನಮ್ಮ ಮನೆಯವರು ಹೊಳಲಿನ ಬಸ್ಸಿನ ಟೈಮ್ ವಿಚಾರಿಸಿಕೊಂಡು ಬಂದರು.

ಇದಾದ ಮೇಲಿನದೇ ಆ ಕಂಬಳಿಯ ಮಧ್ಯಾಹ್ನ.

"ಕೂಸಿಗೆ ಕೋಟಿನಾಕಿ ಬೇಕಂತಲ್ಲರಿ," ಅಂದಳು ಕೊಟ್ರವ್ವ ಬೆವರು ಒರೆಸಿಕೊಳ್ಳುತ್ತ. "ನಮ್ಮನ್ಯಾಗ ಕೋಟು ಎಲ್ಲಿಂದ ಬರಬೇಕು? ಮಗ ಕುರಿ ಕಾಯಾಕ ಹೊದಕಂಡು ಹೋಗ್ತಾನಲ್ಲ, ಆ ಕಂಬ್ಳಿ ತಂದೀನಿ."

ಮನೆಯೆಲ್ಲ ಕುರಿ ವಾಸನೆ. ಒಳಗೆ ಹೆಜ್ಜೆ ಇಟ್ಟೆ. ಕಾಲಿಗೆ ಮೆತ್ತಗೆ ಏನೋ ತಗಲಿತು. ಪಡಸಾಲೆ ತುಂಬ ಹತ್ತಿ! ನಡುವೆ ಹತ್ತಿಯದೇ ಒಂದು ಗೊಂಬೆ. ಔಡಲ ಬೀಜದ ಕಣ್ಣು, ಒಣ ಮೆಣಸಿನಕಾಯಿಯ ಮೂಗು. ಗೊಂಬೆಯ ಪಕ್ಕದಲ್ಲಿ ಹೊಟ್ಟೆ ಹರಿದುಕೊಂಡು ಬಿದ್ದದ್ದು, ತವರುಮನೆಯವರು ನನ್ನ ಮದುವೆಗೆ ಕೊಟ್ಟ ದಿಂಬು.

ರೇಣು ಚಪ್ಪಾಳೆ ತಟ್ಟಿದಳು. "ಅಮ್ಮಾ, ಹತ್ತಿ ಗೊಂಬಿ ನೋಡು!"

"ಪುಸ್ತಕದಾಗ ಐತಲ್ಲರಿ," ಕೊಟ್ರವ್ವ ಚಿತ್ರ ತೋರಿಸಿದಳು. ಅವಳಿಗೆ ಓದಲು ಬಾರದು. "ಇಬ್ರೂ ಹತ್ತಿ ರಾಶ್ಯಾಗ ಆಡಾಕ ಹತ್ಯಾರ. ನಾ ಸಣ್ಣಾಕಿದ್ದಾಗ ಹತ್ತಿ ಮಿಲ್ಲಿಗೆ ಹೋಗ್ತಿದ್ನೆರಿ. ನಾವೂ ಹಿಂಗ ಆಡ್ತಿದ್ವಿ."

"ಅದು ಹತ್ತಿ ಅಲ್ಲ ಕೊಟ್ರವ್ವಾ, ಹಿಮ."

"ಹಿಮ ಅಂದ್ರ?" ಇಬ್ಬರೂ ಒಟ್ಟಿಗೇ ಕೇಳಿದರು.

"ಮುಗಲಿಂದ ಬೀಳ್ತೈತಿ. ಬೆಳ್ಳಗ, ತಣ್ಣಗ ಇರ್ತೈತಿ. ನೆಲದ ಮ್ಯಾಲ ರಾಶಿ ಬೀಳ್ತೈತಿ."

ಕೊಟ್ರವ್ವ ನನ್ನನ್ನೇ ಕರುಣೆಯಿಂದ ನೋಡಿದಳು. "ಬಿಸಲಾಗ ಬಂದೀರಿ. ಒಂದೀಟು ನೀರು ಕುಡೀರಿ ಅಮ್ಮಾರ."

ನೀರು ಕುಡಿದು ಡ್ಯೂಟಿಗೆ ಮರಳಿದೆ. ದಿಂಬಿಗಾಗಿ ಸಿಟ್ಟು ಬರಬೇಕಿತ್ತು. ಆದರೆ ನಾನು ಮನೆ ಬಿಡುವಾಗ ರೇಣು ತಿರುಗಿಯೂ ನೋಡಿರಲಿಲ್ಲ. ಅಳಲಿಲ್ಲ! ಸಿಟ್ಟಾಗುವುದೋ, ಕುಣಿಯುವುದೋ?

ಲೈನು ಖಾಲಿಯಿದ್ದಾಗ ಹಡಗಲಿಯ ಆಪರೇಟರಮ್ಮನನ್ನು ಕೇಳಿದೆ, ಹಿಮ ಹೇಗಿರುತ್ತದೆ? "ಮಲ್ಲಿಗಿ ಮೊಗ್ಗು ರಾಶಿ ಹಾಕಿದಂಗ ಇರಬೇಕು ನೋಡ್ರಿ," ಅಂದರು. ಹರಪನಹಳ್ಳಿಯವರು, "ಐಸ್‌ಕ್ಯಾಂಡಿ ಡಬ್ಬದೊಳಗೆ ಇರುತ್ತಲ್ರೀ, ಅದೇ ಕಣ್ರೀ," ಅಂದರು. ಕಂಡವರು ಒಬ್ಬರೂ ಇಲ್ಲ. ನಾನೂ ಕಂಡಿಲ್ಲ. ಹಾಗಿರುವಾಗ ಕೊಟ್ರವ್ವನ ಹತ್ತಿಯನ್ನು ಕ್ಯಾನ್ಸಲ್ ಮಾಡಲು ನಾನು ಯಾರು? ರಾತ್ರಿ, ಮಾರ್ಕೆಟ್ ಯಾರ್ಡಿನ ಆಫೀಸಿನಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ಚಿತ್ರದ ಮೇಲೆ ಬಾಗಿ, "ಹತ್ತೀನ ಅಂತ ಇಟ್ಕ. ಆದ್ರ ಇಷ್ಟು ಬೆಳ್ಳನ್ನ ಮಾಲು ನಮ್ಮಲ್ಲಿಗೆ ಬಂದಿಲ್ಲ ಬಿಡು," ಅಂದರು.

ಅಲ್ಲಿಂದ ಮುಂದೆ ಪುಸ್ತಕ ಕೊಟ್ರವ್ವನದಾಯಿತು. ಸೂಪು ಅಂಬಲಿಯಾಯಿತು. ನಾನು ಕುಡಿಸಿದರೆ ಥೂ ಎಂದು ಉಗುಳುತ್ತಿದ್ದ ರೇಣು ಈಗ ಬಟ್ಟಲು ನೆಕ್ಕುತ್ತಾಳೆ. ಹಿತ್ತಲ ಹೊಸ್ತಿಲು ಖಾಲಿಯಾಯಿತು. ಬಸ್ಸಿನ ಟೈಮಿನ ಮಾತು ನಿಂತಿತು. ರೇಣು ಇಲ್ಲೇ ಇರುತ್ತಾಳೆ ಎಂದು ಹೊಳಲಿಗೆ ಹೇಳಿ ಕಳಿಸಿದೆವು. ನನ್ನ ಮಗಳೂ ಉಳಿದಳು, ನನ್ನ ನೌಕರಿಯೂ ಉಳಿಯಿತು.

ಸಂತೋಷವಾಗಬೇಕಲ್ಲವೇ? ಆಯಿತು. ಆದರೆ ಪುಸ್ತಕ ಕೆಲಸ ಮಾಡಿತೇ, ಕಂಬಳಿಯೇ? ತಪ್ಪು ಕಥೆಯಿಂದ ಸರಿಯಾದದ್ದು ಆಗುವುದಾದರೆ ತಿದ್ದಬೇಕೇ, ಬಿಡಬೇಕೇ? ರಾತ್ರಿ ನಾನು ಅಕ್ಷರ ಬಿಡದೆ ಓದಲು ಹೋದರೆ ರೇಣು ಪುಸ್ತಕ ಮುಚ್ಚುತ್ತಾಳೆ. "ನಿಂಗ ಓದಾಕ ಬರಂಗಿಲ್ಲ. ಕೊಟ್ರವ್ವಜ್ಜಿಗೆ ಬರ್ತೈತಿ." ನನಗಂತೂ ಒಂದೂ ಬಗೆಹರಿಯುತ್ತಿಲ್ಲ.

ಮೊನ್ನೆ ಸಂಜೆ ಏನಾಯಿತೆಂದು ಕೇಳಿ.

ಟ್ರಂಕ್ ಕಾಲುಗಳ ಗಲಾಟೆಯಲ್ಲಿ ತಲೆ ಸಿಡಿಯುತ್ತಿತ್ತು. ಯಾವಾಗ ಮಗಳ ಮುಖ ನೋಡೇನೋ ಎಂದು ಬಿರಬಿರನೆ ನಡೆದು ಬಂದೆ. ಪಡಸಾಲೆಯಲ್ಲಿ ಒಂದೇ ಕಂಬಳಿ, ಅದರಲ್ಲಿ ಎರಡು ತಲೆ. ಮುಂದೆ ತೆರೆದ ಪುಸ್ತಕ. ಒಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಡಬೇಕು, ರೇಣು ಕೈ ಅಡ್ಡ ಹಿಡಿದಳು.

"ಅಮ್ಮಾ, ಬರಬ್ಯಾಡ! ನೀ ಇನ್ನಾ ಬಂದಿಲ್ಲ."

"ಬಂದೀನಲ್ಲ ಬಂಗಾರಿ."

"ಇಲ್ಲ. ನಾವಿನ್ನಾ ಅಂಬ್ಲಿ ಕುಡ್ಯಾಕ ಹತ್ತೀವಿ."

ಕೊಟ್ರವ್ವ ಕಂಬಳಿಯೊಳಗಿಂದ ನಕ್ಕಳು. "ಒಂದೀಟು ನಿಂದರ್ರಿ ಅಮ್ಮಾರ. ಈಗ ಬರ್ತೀರಿ."

ನಿಂತೆ. ನನ್ನದೇ ಮನೆಯ ಹೊಸ್ತಿಲಾಚೆ, ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು. ಅವರು ಅಂಬಲಿ ಕುಡಿದರು. ಮಲಗಿದರು. ಎದ್ದರು. ಕೊಟ್ರವ್ವನಿಗೇನು ಅವಸರ? ಬೆರಳಿಗೆ ಎಂಜಲು ಹಚ್ಚಿಕೊಂಡು ನಿಧಾನವಾಗಿ ಪುಟ ತಿರುವಿದಳು.

ಕೊನೆಯ ಪುಟ ಬಂತು. ಕಂಬಳಿ ಕಿತ್ತೆಸೆದು ಓಡಿ ಬಂದಳು ನೋಡಿ ನನ್ನ ಮಗಳು, ಕೊರಳಿಗೆ ಜೋತುಬಿದ್ದಳು. ಮೈಯೆಲ್ಲ ಬೆವರು, ಕುರಿ ವಾಸನೆ. ಸದ್ಯ, ಇವಳು ಇನ್ನೂ ನನ್ನವಳೇ ಅನ್ನಿಸಿ ಕಣ್ಣು ತುಂಬಿತು. ಒರೆಸಿಕೊಳ್ಳುವಷ್ಟರಲ್ಲಿ ಅವಳು ಕೊರಳು ಬಿಟ್ಟು, ಓಡಿ ಹೋಗಿ ಪುಸ್ತಕದ ಮೊದಲ ಪುಟ ತೆರೆದಿದ್ದಳು.

"ಅಮ್ಮಾ, ಈಗ ನೀ ಡ್ಯೂಟಿಗೆ ಹೋಗು."

ಹೇಳಿ, ನಾನೀಗ ಚಪ್ಪಲಿ ಬಿಡಲೋ, ಮೆಟ್ಟಲೋ?