ಗಾಜಿನ ತೊಟ್ಟಿಯ ಸಮುದ್ರ

ನಮ್ಮ ಪಕ್ಕದ ಮನೆಯವರು ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಮುಂಬಯಿಯ ಮತ್ಸ್ಯಾಲಯದಲ್ಲೊಮ್ಮೆ ಸಮುದ್ರದ ಬಣ್ಣಬಣ್ಣದ ಮೀನುಗಳನ್ನು ಗಾಜಿನಾಚೆ ಕಂಡು, ಸಮುದ್ರದ ನೀರನ್ನು ಮಾತ್ರ ಮುಟ್ಟದೆ ಬಂದವರು, ಮನೆಯಲ್ಲೇ ಅಂಥದೊಂದು ತೊಟ್ಟಿ ಮಾಡಲು ಹೊರಟರು. ಕಬ್ಬಿಣದ ಚೌಕಟ್ಟಿಗೆ ಗಾಜು ಕೂಡಿಸಿ, ಗಾಳಿಗೆ ಸೈಕಲ್ ಪಂಪು ಜೋಡಿಸಿದರು. ಮೀನು ಯಾವಾಗ ಎಂದರೆ ಮೂಗು ಉಜ್ಜಿಕೊಳ್ಳುತ್ತ, "ಮೊದಲ ನೀರು ಹದಕ್ಕ ಬರ್ಲಿ ತಡೀರಿ" ಎನ್ನುತ್ತಿದ್ದರು.

ಕಾಲುವೆ ನೀರಿಗೆ ಉಪ್ಪು ಬೆರೆಸಿ ಓಣಿಯವರಿಗೆಲ್ಲ ರುಚಿ ತೋರಿಸಿದರು. "ಸಮುದ್ರ ಹಿಂಗ ಇರ್ತದೇನ್ರಿ?" ನಾವ್ಯಾರೂ ಸಮುದ್ರ ಕಂಡವರಲ್ಲ. ಒಬ್ಬರು ಉಪ್ಪು ಹೆಚ್ಚೆಂದರೆ ಇನ್ನೊಬ್ಬರು ಕಡಿಮೆ ಎಂದರು. ಕೊನೆಗೆ, ಮಕ್ಕಳ ಜೊತೆ ಗದ್ದೆ ಮಾಡಲು ಎಷ್ಟೋ ವರ್ಷಗಳ ಹಿಂದೆ ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದ್ದ ಮುದುಕಿಯನ್ನು ಕರೆತಂದರು. ಆಕೆ ಬೆರಳದ್ದಿ ನೆಕ್ಕಿ, ಮತ್ತೊಮ್ಮೆ ನೆಕ್ಕಿ ಕಣ್ಣು ತುಂಬಿಕೊಂಡಳು.

"ಉಪ್ಪು ಹೆಚ್ಚಾತೇನವ್ವಾ?"

"ಏನೋ, ಮರ್ತಬಿಟ್ಟೀನಿ ನಾಯನಾ."

ಪಕ್ಕದ ಮನೆಯವರು ಒಂದು ಕೈಯಲ್ಲಿ ಉಪ್ಪು, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದು, ಯಾವುದನ್ನು ಸುರಿಯಬೇಕೆಂದು ತಿಳಿಯದೆ ನಿಂತೇ ಇದ್ದರು.