ಕೆಂಪು ಕಾರಿನ ಅಡಿಯಲ್ಲಿ ಸಿಕ್ಕಿಬಿದ್ದ ಬೀರಣ್ಣನ ಮಾತು

ಬೆಳಗಿನ ಆರು ಗಂಟೆ. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಎರಡು ಕಾಲುಗಳು ಮಾತ್ರ ಕಾಣುತ್ತಿವೆ. ಉಳಿದ ಬೀರಣ್ಣ ಒಂದು ಕೆಂಪು ಕಾರಿನ ಅಡಿಗೆ ಹೋಗಿದ್ದಾರೆ. ಹೋಗಿದ್ದಾರೆ ಅನ್ನುವುದಕ್ಕಿಂತ ತಮ್ಮನ್ನು ತಾವೇ ತುರುಕಿಕೊಂಡಿದ್ದಾರೆ ಅನ್ನಬೇಕು. ಎರಡೇ ಬಾಗಿಲಿನ ಈ ಸ್ಪೋರ್ಟ್ಸ್ ಕಾರು ಅಷ್ಟು ಗಿಡ್ಡ. ನೆಲಕ್ಕೂ ಅದರ ಹೊಟ್ಟೆಗೂ ಒಂದು ಗೇಣು ಜಾಗವಿಲ್ಲ. ಅವರ ಜಾಕು ಅಡಿಗೆ ನುಗ್ಗುವುದಿಲ್ಲ. ಮೊದಲು ಕಾರನ್ನು ಹಿಂದಿನಿಂದ ದೂಡಿ ಎರಡು ಹಲಸಿನ ಹಲಗೆಗಳ ಮೇಲೆ ಹತ್ತಿಸಬೇಕು, ಆಮೇಲೆ ಜಾಕು, ಆಮೇಲೆ ಕಲ್ಲು, ಕೊನೆಗೆ ಬೀರಣ್ಣ.

ದೂಡುವುದಕ್ಕೆ ಹೆಂಡತಿ ಚೌಡಮ್ಮ ಇದ್ದಾರೆ. ದೂಡಿ ಮುಗಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಚಹಾದ ಲೋಟವನ್ನು ನೆಲದ ಮೇಲೆ ಇಡುತ್ತಾರೆ.

“ಹೊಯ್, ಹೊರಗೆ ಬರೂದಾ, ಇಲ್ಲಾ ಚಹಾನ ಅಲ್ಲಿಗೇ ಉರುಳಿಸ್ಲಾ?”

“ಉರುಳಿಸು. ಈ ಕಾರಿನ ಅಡಿಗೆ ನನ್ನ ಹೊಟ್ಟೆ ಬಂದದ್ದೇ ಹೆಚ್ಚು, ಲೋಟ ಬರೂದಿಲ್ಲ.”

“ಹಂಗಾರೆ ಹೊಟ್ಟೆ ಕರಗ್ಸಿ. ಇಲ್ಲಾ ದೊಡ್ಡ ಕಾರು ಹಿಡೀರಿ.”

“ದೊಡ್ಡ ಕಾರಿನವರು ನನ್ನ ಹತ್ರ ಎಲ್ಲಿ ಬರ್ತಾರೆ ಈಗ?” ಎನ್ನುತ್ತಾ ಬೀರಣ್ಣ ಹೊರಗೆ ಬರುತ್ತಾರೆ. ಚೌಡಮ್ಮ ಲೋಟ ಎತ್ತಿ ಅವರ ಕೈಗೆ ಕೊಡುತ್ತಾರೆ.

ಬೀರಣ್ಣನಿಗೆ ಐವತ್ತೆರಡು ವರ್ಷ. ಊರು ಸಿದ್ದಾಪುರ ತಾಲೂಕಿನ ಬಿಳಗಿಯ ಹತ್ತಿರ. ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿಯಿತು. “ನಾ ಬಿಟ್ಟದ್ದಲ್ಲ ಮಾರಾಯ್ರೆ. ಮಾಸ್ತರ್ರ ಸೈಕಲ್ ಬಿಚ್ಚಿ ಜೋಡಿಸಿದ್ದೆ. ಜೋಡಿಸಿದ್ಮೇಲೆ ಮೂರು ನಟ್ಟು ಉಳೀತು. ಅವರು ಮನೆಗೆ ಹೋಗ್ತಾ ಗದ್ದೆಗೆ ಬಿದ್ರು. ನಾ ಅವತ್ತೇ ಗ್ಯಾರೇಜು ಸೇರ್ದೆ” ಎನ್ನುತ್ತಾರೆ. ಇದರಲ್ಲಿ ಎಷ್ಟು ನಿಜ ಎಂದು ಕೇಳಬಾರದು. ಗ್ಯಾರೇಜು ಸೇರಿದ್ದಂತೂ ನಿಜ. ಮೂವತ್ತೊಂದು ವರ್ಷಗಳಿಂದ ಈ ಶೆಡ್ಡು ಅವರದೇ. ಎಡಗೈಯ ಕಿರುಬೆರಳಿನ ತುದಿ ಇಲ್ಲ, ಫ್ಯಾನ್ ಬೆಲ್ಟಿಗೆ ಹೋಗಿದೆ. ಸೊಂಟ ನೆಟ್ಟಗಾಗುವುದಕ್ಕೆ ಪ್ರತಿದಿನ ಬೆಳಿಗ್ಗೆ ಅರ್ಧ ಗಂಟೆ ಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಜನ ಅವರನ್ನು ಬಲ್ಲದ್ದು ಕೈಗಿಂತ ಬಾಯಿಂದ. ಗಾಡಿ ರಿಪೇರಿಗೆ ಬಿಟ್ಟವರು ಬಸ್ಸು ಹತ್ತಿ ಹೋಗುತ್ತಿರಲಿಲ್ಲ, ಕಥೆ ಕೇಳುತ್ತ ಸ್ಟೂಲಿನ ಮೇಲೆ ಕೂರುತ್ತಿದ್ದರು. ಎಲ್ಲಕ್ಕಿಂತ ಹೆಸರಾದದ್ದು ಕೋಳಿಯ ಕಥೆ. ಯಾರದೋ ಜೀಪಿನ ಏರ್ ಫಿಲ್ಟರಿನೊಳಗೆ ಕೋಳಿ ಮೊಟ್ಟೆ ಇಟ್ಟಿತ್ತಂತೆ. ಜೀಪು ಲೋಡು ಹಾಕಿಕೊಂಡು ಅರಬೈಲ್ ಘಟ್ಟ ಹತ್ತಿತಂತೆ. ಎಂಜಿನ್ ಕಾವಿಗೆ, ಘಟ್ಟ ಮುಗಿಯುವುದರೊಳಗೆ ಹನ್ನೊಂದು ಮರಿ ಹೊರಗೆ ಬಂದವಂತೆ. “ಹನ್ನೆರಡನೇ ಮೊಟ್ಟೆ ಯಾಕೆ ಒಡೀಲಿಲ್ಲ ಗೊತ್ತಾ? ಡ್ರೈವರ್ ಕೊನೇ ತಿರುವಿನಲ್ಲಿ ಚಹಾಕ್ಕೆ ನಿಲ್ಸಿದ್ದ” ಎಂದು ಬೀರಣ್ಣ ಮುಗಿಸುತ್ತಿದ್ದರು.

ಈಗ ಅವರು ಕಥೆ ಹೇಳುವುದಿಲ್ಲ. ಸ್ಟೂಲು ಶೆಡ್ಡಿನ ಮೂಲೆಯಲ್ಲಿ ತಲೆಕೆಳಗಾಗಿ ಇದೆ. ಕಾರಣ, ಹಲಗೆಯ ಮೇಲೆ ನಿಂತಿರುವ ಈ ಕೆಂಪು ಕಾರು.

ಮೂರು ವರ್ಷದ ಹಿಂದೆ ಇದನ್ನು ಕೊಂಡು ತಂದವರು ಸಿದ್ದಾಪುರದ ಕಡೆಯ ಯುವಕ ದರ್ಶನ. ಗದ್ದೆ ತೋಟ ಇರುವ ಮನೆ, ಎರಡು ಪಿಕಪ್ ವಾಹನ ಬಾಡಿಗೆಗೆ ಓಡುತ್ತವೆ. ಸೆಕೆಂಡ್ ಹ್ಯಾಂಡಿನಲ್ಲಿ ಕಾರು ಅಗ್ಗಕ್ಕೆ ಸಿಕ್ಕಿತು. ಅಗ್ಗ ಯಾಕೆ ಎಂದು ಯಾರೂ ಕೇಳಲಿಲ್ಲ. ತಯಾರಿಸಿದ ಕಂಪನಿ ನಮ್ಮ ದೇಶದಲ್ಲಿ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು.

“ಕೊಳ್ಳೂದು ಮದುವೆ ಖರ್ಚು ಇದ್ದಂಗೆ, ಒಂದೇ ದಿನ. ಸಂಸಾರದ ಖರ್ಚು ಅಂಬದು ದಿನಾ ಬತ್ತದೆ. ನಾ ದರ್ಶನ ತಮನಿಗೆ ಅವತ್ತೇ ಹೇಳಿದ್ದೆ” ಎನ್ನುತ್ತಾರೆ ಬೀರಣ್ಣ. ಮೊದಲ ತಿಂಗಳು ಹೊಂಡಕ್ಕೆ ಬಿದ್ದು ಟೈರು ಒಡೆಯಿತು. ಅದರ ರಬ್ಬರು ರೊಟ್ಟಿಯಷ್ಟು ತೆಳು, ರಿಮ್ಮೂ ಬೆಂಡಾಯಿತು. ಆ ಅಳತೆಯ ಟೈರು ಹುಬ್ಬಳ್ಳಿಯಲ್ಲೂ ಇರಲಿಲ್ಲ. ಮಳೆಗಾಲದಲ್ಲಿ ಇಲಿ ವೈರಿಂಗ್ ತಿಂದಿತು. ಜೀಪಿನ ವೈರು ತಿಂದರೆ ಒಂದು ಲೈಟು ಹೋಗುತ್ತದೆ, ಇದರಲ್ಲಿ ಒಂದು ವೈರು ಹೋದರೆ ಕಾರು ತಾನು ಕಾರು ಎಂಬುದನ್ನೇ ಮರೆಯುತ್ತದೆ. ಆಮೇಲೆ ಕ್ಲಚ್ಚು, ಆಮೇಲೆ ಮುಂದಿನ ಬುಶ್ಶು, ಆಮೇಲೆ ಹೆಸರೇ ಗೊತ್ತಿಲ್ಲದ ಒಂದು ಸೆನ್ಸರು. ಬೀರಣ್ಣ ಫೋನಿನಲ್ಲಿ ಫೋಟೋ ಕಳಿಸಿ, ದೂರದ ಗುಜರಿಗಳಿಂದ ಸಾಮಾನು ತರಿಸಿ, ಸಿಗದ್ದನ್ನು ತಾವೇ ಲೇತಿನಲ್ಲಿ ಮಾಡಿಸಿ ಎರಡು ವರ್ಷ ಓಡಿಸಿದರು.

ಹಾಗೆಂದು ಕಾರನ್ನು ಅವರು ಬೈಯುವುದಿಲ್ಲ. “ಒಳ್ಳೇ ಗಾಡಿ. ಆದರೆ ನಯವಾದ ರಸ್ತೆಯಲ್ಲಿ ಹುಟ್ಟಿದ್ದು. ನಮ್ಮ ಕೆಂಪು ಧೂಳು, ಹೊಂಡ, ಹಂಪು ಅದಕ್ಕೆ ಗೊತ್ತಿಲ್ಲ. ಎಣ್ಣೆ ಹೊತ್ತಿಗೆ ಸರಿಯಾಗಿ ಬದಲ್ಸಿದ್ರೆ ಅದು ಕೈ ಕೊಡೂದಿಲ್ಲ. ಕೈ ಕೊಡೂದು ಮನುಷ್ಯರು” ಎನ್ನುತ್ತಾರೆ.

ಕಳೆದ ವರ್ಷದ ಆಯುಧ ಪೂಜೆ. ದರ್ಶನನ ಮನೆಯಲ್ಲಿ ಒಂದು ಪದ್ಧತಿ. ಎಲ್ಲರೂ ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟರೆ ಅವರು ಮುಂದಿನ ಚಕ್ರಕ್ಕೆ ಇಡೀ ತೆಂಗಿನಕಾಯಿ ಇಡುತ್ತಾರೆ. ಅಜ್ಜನ ಕಾಲದಲ್ಲಿ ಎತ್ತಿನ ಗಾಡಿ ಒಡೆದಿತ್ತು, ಅಪ್ಪನ ಕಾಲದಲ್ಲಿ ಜೀಪು ಒಡೆದಿತ್ತು, ಪಿಕಪ್ಪು ಇವತ್ತೂ ಒಡೆಯುತ್ತದೆ. ಆ ದಿನ ಅಜ್ಜಿ ಕೆಂಪು ಕಾರಿನ ಚಕ್ರಕ್ಕೂ ಕಾಯಿ ಇಟ್ಟರು. ಚಕ್ರ ಒತ್ತಿದಾಗ ಕಾಯಿ ಒಡೆಯಲಿಲ್ಲ, ಚಿಮ್ಮಿತು. ಚಿಮ್ಮಿ ಒಳಗೆ ಸರಿದು, ಕಾರಿನ ಹೊಟ್ಟೆಗೂ ಅಂಗಳದ ಕಲ್ಲಿಗೂ ನಡುವೆ ಸಿಕ್ಕಿಕೊಂಡು ಅಲ್ಲಿ ಒಡೆಯಿತು. ಎಲ್ಲರೂ ಸದ್ದು ಕೇಳಿದರು. ಕಾಯಿ ಒಡೆಯಿತಲ್ಲ, ಒಳ್ಳೆಯದಾಯಿತು ಎಂದು ಕೈ ಮುಗಿದರು.

ಒಡೆದದ್ದು ಕಾಯಿ ಮಾತ್ರವಲ್ಲ. ಎಂಜಿನ್ ಎಣ್ಣೆ ತುಂಬಿರುವ ಅಡಿಯ ತಟ್ಟೆ, ಮೆಕ್ಯಾನಿಕರು ಚೇಂಬರ್ ಎನ್ನುವುದು, ಬಿರುಕು ಬಿಟ್ಟಿತ್ತು. ಅರ್ಧ ಗಂಟೆಯ ಮೇಲೆ ದರ್ಶನ ಫೋನು ಮಾಡಿದರು. ಅಂಗಳದಲ್ಲಿ ಕಪ್ಪು ಎಣ್ಣೆ ಬಿದ್ದಿದೆ, ಹಬ್ಬದ ದಿನ, ಯಲ್ಲಾಪುರಕ್ಕೆ ನೆಂಟರ ಮನೆಗೆ ಹೊರಟಿದ್ದೇವೆ, ಹೋಗಬಹುದಲ್ಲ ಎಂದು.

“ಸ್ಟಾರ್ಟ್ ಮಾಡಬೇಡ ತಮಾ ಅಂದೆ. ಚಾವಿ ತೆಗೆದು ಅಜ್ಜಿ ಕೈಲಿ ಕೊಡು, ನಾ ಈಗ್ಲೇ ಬತ್ತೆ ಅಂದೆ. ಹತ್ತು ಕಿಲೋಮೀಟರ್ ಹೋದ್ರೆ ಎಂಜಿನ್ ಕಲ್ಲಾಗಿ ಹೋಗ್ತದೆ ಅಂದೆ. ಅವ ನಕ್ಕ. ಬೀರಣ್ಣ, ಇದೂ ಕೋಳಿಮರಿ ಕಥೆಯಾ ಅಂದ. ಹಿಂದೆ ನಿಂತ ಅವನ ದೋಸ್ತರೂ ನಗೂದು ನಂಗೆ ಕೇಳ್ತು.”

ಹನ್ನೊಂದು ಕಿಲೋಮೀಟರಿಗೆ ಎಂಜಿನ್ ಕಚ್ಚಿ ನಿಂತಿತು. ಬೀರಣ್ಣನೇ ಪಿಕಪ್ಪು ತೆಗೆದುಕೊಂಡು ಹೋಗಿ ಶೆಡ್ಡಿಗೆ ಎಳೆದು ತಂದರು. ಸಂಜೆಯ ಹೊತ್ತಿಗೆ ಸುದ್ದಿ ಬೇರೆಯೇ ಆಗಿತ್ತು. ಎರಡು ವಾರದ ಹಿಂದೆ ಬೀರಣ್ಣ ಎಣ್ಣೆ ಬದಲಿಸಿದ್ದರು. ಕೆಳಗಿನ ಬೋಲ್ಟು ಬಿಗಿ ಮಾಡಿರಲಿಲ್ಲ, ಅಂಗಳದಲ್ಲೂ ದಾರಿಯಲ್ಲೂ ಎಣ್ಣೆ ಎಲ್ಲ ಸೋರಿತು ಎಂದು ದರ್ಶನ ಮನೆಯಲ್ಲಿ ಹೇಳಿದ್ದರು. ಫೋನು ಮಾಡಿದ್ದು, ಬೇಡ ಎನಿಸಿಕೊಂಡದ್ದು ಯಾವುದನ್ನೂ ಹೇಳಲಿಲ್ಲ. ಅಪ್ಪನ ಮುಂದೆ ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಅದು ಸುಲಭ.

ಬೀರಣ್ಣ ಚೇಂಬರು ಬಿಚ್ಚಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಅವರ ಮನೆಗೆ ಹೋದರು. ಬೋಲ್ಟು ಜಾಗದಲ್ಲೇ ಇತ್ತು, ಬಿಗಿಯಾಗಿ. ಬಿರುಕಿನಲ್ಲಿ ತೆಂಗಿನ ನಾರು ಕಚ್ಚಿಕೊಂಡಿತ್ತು. ಜಗುಲಿಯಲ್ಲಿ ದರ್ಶನನ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಬೀರಾ, ನೀ ಕಥೆ ಕಟ್ಟೂದ್ರಲ್ಲಿ ಗಟ್ಟಿಗ. ಈ ನಾರು ಎಲ್ಲಿ ಸಿಗ್ಸಿದ್ಯೋ? ಬರ್ತಾ ಬಸ್ಸಿನಲ್ಲಾ?” ಎಂದರು.

ಜಗುಲಿಯಲ್ಲಿ ಇದ್ದವರೆಲ್ಲ ನಕ್ಕರು. ದರ್ಶನ ಕಂಬಕ್ಕೆ ಒರಗಿ ನಿಂತು ಫೋನು ನೋಡುತ್ತಿದ್ದರು, ತಲೆ ಎತ್ತಲಿಲ್ಲ. “ಅವ ನಕ್ಕಿದ್ರೆ ನಂಗೆ ಅಷ್ಟು ಬೇಜಾರಾಗ್ತಿರಲಿಲ್ಲ” ಎನ್ನುತ್ತಾರೆ ಬೀರಣ್ಣ. “ಅವ ನಗ್ಲಿಲ್ಲ. ಅವನಿಗೆ ಗೊತ್ತಿತ್ತಲ.”

ದಿನಕ್ಕೆ ಆರೇಳು ಗಾಡಿ ಬರುತ್ತಿದ್ದ ಶೆಡ್ಡಿಗೆ ಈಗ ಎರಡು ಬಂದರೆ ಹೆಚ್ಚು. ಅದೂ ಸ್ಕೂಟರು, ಹುಲ್ಲು ಕತ್ತರಿಸುವ ಮಶಿನ್ನು. ದರ್ಶನನ ಮನೆಯ ಪಿಕಪ್ಪುಗಳು ಹಾರ್ನು ಹಾಕದೆ ಮುಂದೆ ಹೋಗುತ್ತವೆ. ಬಂದವರೂ ಕೆಲಸ ಮುಗಿದ ಮೇಲೆ ಬಗ್ಗಿ ಬೋಲ್ಟು ಮುಟ್ಟಿ ನೋಡುತ್ತಾರೆ. “ಮೂವತ್ತೊಂದು ವರ್ಷ ಯಾರೂ ಮುಟ್ಟಿ ನೋಡಿದ್ದಿಲ್ಲ” ಎನ್ನುತ್ತಾರೆ ಚೌಡಮ್ಮ.

ಕೆಂಪು ಕಾರಿಗೆ ಬೇರೆ ಊರಿನಲ್ಲಿ ಹಳೆಯ ಎಂಜಿನ್ನೊಂದು ಕೂರಿಸಿ, ಬಣ್ಣ ಹೊಡೆಸಿ, ದರ್ಶನ ಮಾರಾಟಕ್ಕೆ ಇಟ್ಟರು. ಕೊಳ್ಳಲು ಬಂದವರು ಬನವಾಸಿಯಲ್ಲಿ ಫ್ಲೆಕ್ಸ್ ಬ್ಯಾನರ್ ಅಂಗಡಿ ನಡೆಸುವ ಪವನ್. ಈ ಕಾರಿನ ಗುಣ ಬಲ್ಲವರು ಬೀರಣ್ಣ ಒಬ್ಬರೇ ಎಂದು ಯಾರೋ ಹೇಳಿದ್ದರಿಂದ ಕಾರನ್ನು ಕೊಳ್ಳುವ ಮೊದಲು ಇಲ್ಲಿಗೇ ತಂದು ಅವರಿಗೆ ತೋರಿಸುತ್ತೇನೆ ಎಂದರು. ಹಿಂದಿನ ದಿನ ದರ್ಶನ ಶೆಡ್ಡಿಗೆ ಬಂದರು. ಹಬ್ಬದ ನಂತರ ಅದೇ ಮೊದಲ ಸಲ.

“ಬೀರಣ್ಣ, ಚೊಲೋ ಅದೆ ಅಂದ್ಬಿಡು ಸಾಕು. ನಮ್ಮ ಪಿಕಪ್ ಎರಡೂ ಮತ್ತೆ ನಿನ್ನ ಹತ್ರಾನೇ ಬತ್ತಾವೆ. ನಿಂಗೆ ಕಥೆ ಹೇಳೂದು ಹೊಸತೇನಲ್ವಲ” ಎಂದರಂತೆ.

ಮರುದಿನ ಪವನ್ ದರ್ಶನನ ಜೊತೆ ಬಂದಾಗ ಬೀರಣ್ಣ ಇದ್ದದ್ದನ್ನು ಹೇಳಿದರು. ಎಂಜಿನ್ ಬೇರೆಯದು, ಸರಿಯಾಗಿ ಕೂತಿಲ್ಲ, ನೀರು ಸೋರಿ ಎಣ್ಣೆಗೆ ಸೇರುತ್ತಿದೆ, ಎರಡು ತಿಂಗಳು ಬಂದರೆ ಹೆಚ್ಚು, ಕೊಳ್ಳಬೇಡಿ. ಪವನ್ ಗಾಬರಿಯಾಗಿ ದರ್ಶನನನ್ನು ಕೇಳಿದರು. ದರ್ಶನ ಕೋಳಿಯ ಕಥೆ ಹೇಳಿದರು. ಹನ್ನೆರಡನೆಯ ಮೊಟ್ಟೆಯ ಸಮೇತ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವ್ಯಾಪಾರ ಮುಗಿಯಿತು.

ಎರಡು ತಿಂಗಳಿಗೆ ನಾಲ್ಕು ದಿನ ಕಮ್ಮಿ ಇರುವಾಗ, ಮಾಗೋಡು ಜಲಪಾತ ನೋಡಲು ಹೊರಟ ಕಾರು ದಾರಿಯಲ್ಲಿ ಹೊಗೆ ಕಾರಿ ನಿಂತಿತು. ಎಲ್ಲಿಗೂ ಬೇಡ ಎಂದು ಪವನ್ ಅದನ್ನು ಇಲ್ಲಿಗೇ ಎಳೆಸಿಕೊಂಡು ಬಂದರು. ಐದು ದಿನದಿಂದ ಬೀರಣ್ಣ ಅದರ ಅಡಿಯಲ್ಲಿ, ಮೇಲೆ, ಒಳಗೆ ಇದ್ದಾರೆ.

ಒಂಬತ್ತು ಗಂಟೆಗೆ ಬಸ್ಸಿಳಿದು ಪವನ್ ಬರುತ್ತಾರೆ. ಚೌಡಮ್ಮ ಮೂಲೆಯ ಸ್ಟೂಲು ನೆಟ್ಟಗೆ ಮಾಡಿ ಕೊಡುತ್ತಾರೆ. ಅವರು ಕೂರುವುದಿಲ್ಲ.

“ಬೀರಣ್ಣಾರ, ಏನಂತೈತ್ರಿ ನಮ್ಮ ಗಾಡಿ? ಎದ್ದು ನಿಂತೀತೇನು?”

“ನಿಲ್ತದೆ. ಎಷ್ಟು ದಿನ ಅಂಬದು ಬೇರೆ ಮಾತು. ಎಂಜಿನ್ನಿನ ಬ್ಲಾಕೇ ಸೊಟ್ಟಾಗಿದೆ. ಮತ್ತೆ ಕಾಯ್ತದೆ.”

ಪವನ್ ರಸ್ತೆಯ ಕಡೆ ನೋಡಿ ಹತ್ತಿರ ಬರುತ್ತಾರೆ. “ಐತವಾರ ಮುಂಡಗೋಡದಿಂದ ಒಬ್ರು ನೋಡಾಕ ಬರ್ತಾರ್ರಿ. ಎಂಜಿನ್ ಪೂರಾ ಬಿಚ್ಚಿ ಕಟ್ಟೇನಿ, ಇನ್ನ ಚಿಂತಿಲ್ಲ ಅಂತ ಒಂದು ಮಾತು ಅಂದ್ಬಿಡ್ರಿ.”

“ನಿಮಗೆ ಹೇಳಿದ್ದನ್ನೇ ಅವರಿಗೂ ಹೇಳೂದು.”

“ನನಗ ಹೇಳಿದ್ರಿ, ನಾ ಕೇಳ್ಲಿಲ್ಲ, ಮುಳುಗಿದ್ನಿ. ನಾ ಒಬ್ನ ಯಾಕ ಮುಳುಗಬೇಕ್ರಿ? ಗಿರಾಕಿ ಹಾರಿದ್ರ ನಿಮ್ಮ ಐದು ದಿನದ ಕೆಲಸದ ರೊಕ್ಕಾನೂ ಹಾರಿದಂಗ, ನೋಡ್ರಿ.”

“ಹಾರ್ಲಿ.”

ಪವನ್ ನಗುತ್ತಾರೆ. ಕೆಟ್ಟ ಮನುಷ್ಯನ ನಗುವಲ್ಲ ಅದು, ಸುಸ್ತಾದವನದು. “ಹೇಳ್ರಿ ಹಂಗಾರ. ನೀವು ಹೇಳಿದ್ದನ್ನ ನಂಬೋರಾದ್ರೂ ಯಾರದಾರ್ರಿ?”

ಚೌಡಮ್ಮ ಲೋಟ ತೊಳೆಯುವುದನ್ನು ನಿಲ್ಲಿಸುತ್ತಾರೆ. ಪವನ್ ಶನಿವಾರದೊಳಗೆ ಕಟ್ಟಿ ಮುಗಿಸಿ ಎಂದಷ್ಟು ಹೇಳಿ, ಬಂದ ದಾರಿಯಲ್ಲೇ ಬಸ್ ಸ್ಟಾಪಿಗೆ ನಡೆಯುತ್ತಾರೆ.

ಬೀರಣ್ಣ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನವನ್ನು ಚಿಂದಿ ಬಟ್ಟೆಯಲ್ಲಿ ಒರೆಸುತ್ತಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಆಮೇಲೆ ತಮಗೆ ತಾವೇ ಎಂಬಂತೆ ಹೇಳುತ್ತಾರೆ:

“ಸುಳ್ಳು ಹೇಳಿಲ್ಲ ಅಂಬ ಮನುಷ್ಯ ನಾ ಅಲ್ಲ. ಬಾನೆಟ್ ಮುಚ್ಚಿದ್ದಾಗ ಸಾವಿರ ಹೇಳಿದ್ದೆ, ಜನ ನಗ್ಲಿ ಅಂತ. ಎತ್ತಿದ ಮೇಲೆ ಒಂದೂ ಹೇಳಿಲ್ಲ, ಯಾರ ಗಾಡಿಗೂ ಹೇಳಿಲ್ಲ. ಅದು ನಂಗೊಬ್ಬನಿಗೇ ಗೊತ್ತಿದ್ರೆ ಎಂತ ಬಂತು?”

ಹಾಗಾದರೆ ನಿಮಗೆ ಏನು ಬೇಕು ಎಂದು ಕೇಳಿದರೆ, ಕಾರಿನ ಅಡಿಗೆ ಸರಿಯುವುದಕ್ಕೆ ಮೊದಲು, ಮೊಣಕಾಲೂರಿ ಹೇಳುತ್ತಾರೆ:

“ಐತವಾರ ಬರುವವರು ಸೀದಾ ಇಲ್ಲಿಗೇ ಬರ್ಲಿ. ದಾರಿ ಮೇಲೆ ಯಾರನ್ನೂ ನನ್ನ ಸುದ್ದಿ ಕೇಳದೇ ಇರ್ಲಿ. ಅಷ್ಟೇ.”